ಮೆಥಾಕೋಲಿನ್ ಪರೀಕ್ಷೆ ಸಹಜ, ಆದರೂ ಬಣ್ಣದ ಕೆಲಸದ ಸಂಜೆ ಎದೆ ಬಿಗಿತ: ಶ್ವಾಸನಾಳ ಯಾವ ರಾಸಾಯನಿಕಕ್ಕೆ ಹೇಗೆ ಸ್ಪಂದಿಸುತ್ತದೆ?

ಸಂಜೆಗೆಮ್ಮು:

ನಾಲ್ಕು ವರ್ಷಗಳಿಂದ ವಾಹನಗಳ ಬಿಡಿಭಾಗಗಳಿಗೆ ಸ್ಪ್ರೇ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದೇನೆ. ಬಳಸುವುದು ಎರಡು ಡಬ್ಬಿಗಳ ಬಣ್ಣ, ಅಂದರೆ ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿಯಾಗಿಸುವ ಹಾರ್ಡನರ್. ಮೊದಲ ಮೂರು ವರ್ಷ ಏನೂ ಆಗಲಿಲ್ಲ. ಕಳೆದ ಎಂಟು ತಿಂಗಳಿಂದ, ಕೆಲಸ ಮಾಡುವಾಗ ಆರಾಮವಾಗಿಯೇ ಇದ್ದು, ಮನೆಗೆ ಬಂದು ಎರಡು ಮೂರು ಗಂಟೆ ಕಳೆದ ಮೇಲೆ ಎದೆ ಬಿಗಿಯುತ್ತದೆ, ರಾತ್ರಿಯೆಲ್ಲ ಕೆಮ್ಮು ಬರುತ್ತದೆ. ವೈದ್ಯರು ಅಸ್ತಮಾ ಇರಬಹುದೆಂದು ಮೆಥಾಕೋಲಿನ್ ಪರೀಕ್ಷೆಗೆ ಬರೆದರು. ಕೊನೆಯ ಡೋಸಿನವರೆಗೂ ಹೋದರೂ ನನ್ನ ಉಸಿರಿನ ಅಳತೆ ಶೇ. 6ರಷ್ಟು ಮಾತ್ರ ಇಳಿಯಿತು. ವರದಿಯಲ್ಲಿ ‘ಸಹಜ’ ಎಂದು ಬರೆದುಕೊಟ್ಟರು.

ನನಗೆ ಅರ್ಥವಾಗದ ವಿಷಯ ಇನ್ನೊಂದಿದೆ. ನನ್ನ ತಮ್ಮನಿಗೆ ಚಿಕ್ಕಂದಿನಿಂದ ಅಸ್ತಮಾ. ಅವನಿಗೆ ಇದೇ ಪರೀಕ್ಷೆಯಲ್ಲಿ ಎರಡನೆಯ ಡೋಸಿಗೇ ಉಸಿರು ಕಟ್ಟಿತು. ಅದೇ ತಮ್ಮ ನನ್ನ ಜೊತೆ ಬಣ್ಣದ ಬೂತಿನಲ್ಲಿ ನಿಂತರೆ ಒಂದೆರಡು ಸಲ ಕೆಮ್ಮಿ ಸುಮ್ಮನಾಗುತ್ತಾನೆ. ರಾಸಾಯನಿಕಕ್ಕೆ ಶ್ವಾಸನಾಳ ಕುಗ್ಗುವುದೇ ಅಸ್ತಮಾ ಎನ್ನುವುದಾದರೆ, ಅವನು ಒಂದಕ್ಕೆ ಕುಗ್ಗಿ ನಾನು ಇನ್ನೊಂದಕ್ಕೆ ಕುಗ್ಗುವುದು ಹೇಗೆ?

ನಳಿಕೆಮಾಪಕ:

ನಾನು ಶ್ವಾಸಕೋಶ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಮೊದಲು ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿಂದ.

ನಮ್ಮ ನರಗಳ ತುದಿಯಿಂದ ಒಸರುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಕೃತಕ ಸೋದರ ಮೆಥಾಕೋಲಿನ್. ಅದು ಶ್ವಾಸನಾಳದ ಸುತ್ತಲಿರುವ ನಯಸ್ನಾಯುವಿನ ಎಂ3 ಗ್ರಾಹಕವನ್ನು ನೇರವಾಗಿ ಹಿಡಿದು ಸ್ನಾಯುವನ್ನು ಕುಗ್ಗಿಸುತ್ತದೆ. ನಡುವೆ ಬೇರೆ ಯಾವ ಕೋಶದ ಮಧ್ಯಸ್ಥಿಕೆಯೂ ಇಲ್ಲ. ಆದ್ದರಿಂದ ಇದಕ್ಕೆ ನೇರ ಪ್ರಚೋದಕ ಎನ್ನುತ್ತಾರೆ. ಹಿಸ್ಟಮಿನ್ ಕೂಡ ಇದೇ ಪಂಗಡದ್ದು. ಪ್ರಯೋಗಾಲಯದಲ್ಲಿ ಮೊದಲು ಬರಿಯ ಉಪ್ಪುನೀರಿನ ಮಂಜನ್ನು ಉಸಿರಾಡಿಸಿ ಅಳತೆ ತೆಗೆದುಕೊಳ್ಳುತ್ತೇವೆ. ಬಳಿಕ ಒಂದೊಂದೇ ಹೆಚ್ಚಿನ ಡೋಸ್ ಕೊಟ್ಟು, ಪ್ರತಿ ಡೋಸಿನ ನಂತರ 30 ಮತ್ತು 90 ಸೆಕೆಂಡಿಗೆ ಜೋರಾಗಿ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂದು ನೋಡುತ್ತೇವೆ. ಅದು ಶೇ. 20 ಇಳಿದ ಡೋಸೇ ಉತ್ತರ. 2017ರ ಯುರೋಪಿಯನ್ ಮಾನದಂಡದ ಪ್ರಕಾರ 400 ಮೈಕ್ರೊಗ್ರಾಂ ದಾಟಿಯೂ ಇಳಿಯದಿದ್ದರೆ ಸಹಜ, 6 ಮೈಕ್ರೊಗ್ರಾಂಗೂ ಮೊದಲೇ ಇಳಿದರೆ ತೀವ್ರ.

ಒಂದು ಸಂಗತಿಯನ್ನು ದಿನವೂ ಕಾಣುತ್ತೇನೆ. ಶೇ. 12, 15 ಇಳಿದಾಗಲೂ ಕೆಲವರು ‘ಏನೂ ಆಗಿಲ್ಲ, ಮುಂದುವರಿಸಿ’ ಎನ್ನುತ್ತಾರೆ. ಮುಂದಿನ ಡೋಸಿಗೆ ಒಮ್ಮೆಲೇ ಎದೆಯಲ್ಲಿ ಸಿಳ್ಳೆ ಏಳುತ್ತದೆ, ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನಳಿಕೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಗಾಳಿ ಸಾಗಲು ಅಡ್ಡಿ ಹದಿನಾರು ಪಟ್ಟು ಏರುತ್ತದೆ ಎಂಬ ಲೆಕ್ಕ ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಮುಖಗಳನ್ನು ನೋಡಿದಾಗ ಹೆಚ್ಚು ಅರ್ಥವಾಗುತ್ತದೆ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತಾರೆ, ಭಯ ಬೇಡ.

ನಿಮಗೆ ನನ್ನ ಪ್ರಶ್ನೆ ಒಂದೇ. ಪರೀಕ್ಷೆಯ ದಿನ ನೀವು ಬಣ್ಣದ ಬೂತಿನಿಂದ ಹೊರಗೆ ಬಂದು ಎಷ್ಟು ದಿನಗಳಾಗಿದ್ದವು?

ಒಪಿಡಿ_ಕೊಠಡಿ:

ಶ್ವಾಸರೋಗಗಳ ವೈದ್ಯನಾಗಿ ನಳಿಕೆಮಾಪಕರ ಮಾತಿಗೆ ಒಂದು ಪದರ ಸೇರಿಸುತ್ತೇನೆ. ನೇರ ಪ್ರಚೋದಕಗಳಿಗೆ ಎದುರಾಗಿ ಪರೋಕ್ಷ ಪ್ರಚೋದಕಗಳಿವೆ: ಮ್ಯಾನಿಟಾಲ್ ಪುಡಿ, ಶೇ. 4.5ರ ಗಾಢ ಉಪ್ಪುನೀರು, ಅಡಿನೊಸಿನ್ ಮಾನೊಫಾಸ್ಫೇಟ್, ಒಣಗಾಳಿಯಲ್ಲಿ ಓಟ. ಇವು ಸ್ನಾಯುವನ್ನು ಮುಟ್ಟುವುದೇ ಇಲ್ಲ. ಮ್ಯಾನಿಟಾಲ್ ಶ್ವಾಸನಾಳದ ಮೇಲ್ಪದರದ ತೇವದ ಸಾಂದ್ರತೆಯನ್ನು ಏರಿಸುತ್ತದೆ. ಅದನ್ನು ಸಹಿಸದ ಮಾಸ್ಟ್ ಕೋಶಗಳು (ಅಲರ್ಜಿ, ಉರಿಯೂತಗಳಲ್ಲಿ ಕೆರಳುವ ರೋಗನಿರೋಧಕ ಕೋಶಗಳು) ಒಡಲಲ್ಲಿಟ್ಟುಕೊಂಡ ಹಿಸ್ಟಮಿನ್ ಜೊತೆಗೆ ಆಗಲೇ ಹೊಸದಾಗಿ ತಯಾರಿಸಿದ ಪ್ರೊಸ್ಟಾಗ್ಲಾಂಡಿನ್ ಡಿ2, ಲ್ಯುಕೋಟ್ರೀನ್‌ಗಳನ್ನು ಹೊರಚೆಲ್ಲುತ್ತವೆ, ಸ್ನಾಯು ಕುಗ್ಗುವುದು ಅವುಗಳಿಂದ. ಅಡಿನೊಸಿನ್‌ನ ದಾರಿಯೂ ಮಾಸ್ಟ್ ಕೋಶಗಳ ಮೂಲಕವೇ. ಹಾಗಾಗಿ ಮ್ಯಾನಿಟಾಲ್‌ನಲ್ಲಿ ಒಟ್ಟು 635 ಮಿಲಿಗ್ರಾಂ ಒಳಗೆ ಶೇ. 15 ಇಳಿತ ಕಂಡರೆ, ಈಗ ಈ ಹೊತ್ತಿನಲ್ಲಿ ಅಲ್ಲಿ ಉರಿಯೂತದ ಕೋಶಗಳು ಜಾಗೃತವಾಗಿವೆ ಎಂದರ್ಥ. ಮೆಥಾಕೋಲಿನ್ ಹೇಳುವುದು ಸ್ನಾಯು ಎಷ್ಟು ಸುಲಭವಾಗಿ ಕುಗ್ಗುತ್ತದೆ ಎಂಬುದನ್ನಷ್ಟೇ. ಈ ವ್ಯತ್ಯಾಸ ಚಿಕಿತ್ಸೆಯಲ್ಲೂ ಕಾಣುತ್ತದೆ: ಕೆಲವು ವಾರ ಸ್ಟೆರಾಯ್ಡ್ ಇನ್ಹೇಲರ್ ಬಳಸಿದ ಮೇಲೆ ಅಡಿನೊಸಿನ್, ಮ್ಯಾನಿಟಾಲ್‌ಗಳಿಗೆ ಪ್ರತಿಕ್ರಿಯೆ ಬಹಳ ತಗ್ಗುತ್ತದೆ, ಮೆಥಾಕೋಲಿನ್‌ಗೆ ಅಷ್ಟಾಗಿ ತಗ್ಗುವುದಿಲ್ಲ.

ಕೋಶಗಳು ಇದ್ದರೆ ಸಾಲದು, ಅವು ಎಲ್ಲಿ ಕುಳಿತಿವೆ ಎಂಬುದೂ ಮುಖ್ಯ. ಇಯೊಸಿನೊಫಿಲಿಕ್ ಬ್ರಾಂಕೈಟಿಸ್ ಎಂಬ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಇಯೊಸಿನೊಫಿಲ್‌ಗಳು ಅಸ್ತಮಾದಷ್ಟೇ ಇದ್ದರೂ ಶ್ವಾಸನಾಳ ಮೆಥಾಕೋಲಿನ್‌ಗೆ ಕುಗ್ಗುವುದಿಲ್ಲ, ರೋಗಿಗೆ ಕೆಮ್ಮು ಮಾತ್ರ ಇರುತ್ತದೆ. 2002ರಲ್ಲಿ ಪ್ರಕಟವಾದ ಅಂಗಾಂಶ ಪರೀಕ್ಷೆಯ ಅಧ್ಯಯನವೊಂದು ಎರಡರ ನಡುವಿನ ವ್ಯತ್ಯಾಸವನ್ನು ತೋರಿಸಿತು: ಅಸ್ತಮಾದಲ್ಲಿ ಮಾಸ್ಟ್ ಕೋಶಗಳು ಸ್ನಾಯುವಿನ ಕಟ್ಟುಗಳ ಒಳಕ್ಕೇ ನುಗ್ಗಿ ಕುಳಿತಿದ್ದವು, ಬ್ರಾಂಕೈಟಿಸ್‌ನಲ್ಲಿ ಹಾಗಿರಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇಷ್ಟು ಕಣ್ಣು ತೆರೆಸಿದ ಚಿತ್ರ ಇನ್ನೊಂದಿಲ್ಲ.

ತಮ್ಮನ ವಿಚಾರಕ್ಕೆ ಬಂದರೆ, ಅವರ ಸ್ನಾಯು ಹುಟ್ಟಾ ಸಿಡುಕಿನದು. ಆರೋಗ್ಯವಂತರಲ್ಲಿ ಡೋಸ್ ಏರಿಸುತ್ತ ಹೋದರೆ ಇಳಿತ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಅಸ್ತಮಾ ತೀವ್ರವಾಗಿರುವವರಲ್ಲಿ ಆ ತಡೆ ಇರುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಆದರೆ ಅವರ ರೋಗನಿರೋಧಕ ವ್ಯವಸ್ಥೆ ನಿಮ್ಮ ಹಾರ್ಡನರ್ ಅನ್ನು ಶತ್ರುವೆಂದು ಇನ್ನೂ ಗುರುತಿಸಿಲ್ಲ.

ಮಾತ್ರೆಬೇಡ:

ನಾನು ವೈದ್ಯಳಲ್ಲ, ಮೂವತ್ತೆಂಟನೆಯ ವಯಸ್ಸಿಗೆ ಅಸ್ತಮಾ ಬಂದವಳು. ಮೊದಲು ಮೂಗು ಕಟ್ಟಿತು, ವಾಸನೆ ಹೋಯಿತು, ಮೂಗಿನಲ್ಲಿ ಪಾಲಿಪ್, ಅಂದರೆ ಒಳಗೆ ಬೆಳೆಯುವ ಮೆತ್ತನೆಯ ಗಂಟು ಎಂದರು. ಒಂದು ದಿನ ತಲೆನೋವಿಗೆ ಐಬುಪ್ರೊಫೆನ್ ನುಂಗಿದೆ. ಸುಮಾರು ಒಂದೂವರೆ ಗಂಟೆಯ ಬಳಿಕ ಮೂಗು ಸೋರಲು ಶುರುವಾಯಿತು, ಕಣ್ಣು ಕೆಂಪಾಯಿತು, ಅರ್ಧ ಗಂಟೆಯೊಳಗೆ ಮಾತಾಡಲೂ ಉಸಿರು ಸಾಲದಾಯಿತು. ಧೂಳಿಗೆ ಬೀಳುವ ಅಲರ್ಜಿಯೇ ಇದು ಎಂದು ಮೊದಲು ನೋಡಿದವರು ಹೇಳಿದ್ದರಿಂದ ಇನ್ನೊಂದು ವರ್ಷ ಅದೇ ಜಾತಿಯ ಮಾತ್ರೆಗಳ ಬಳಿ ಸುಳಿದಾಡಿದೆ. ಇದು ಅಲರ್ಜಿಯಲ್ಲ ಎನ್ನುವುದಾದರೆ ಮತ್ತೇನು ಎಂದು ಇಲ್ಲಿ ಯಾರಾದರೂ ಬಿಡಿಸಿ ಹೇಳುವಿರಾ?

ಔಷಧಶಾಸ್ತ್ರಿ:

ಹೇಳುತ್ತೇನೆ. ಆಸ್ಪಿರಿನ್‌ಗೆ ಕೆರಳುವ ಶ್ವಾಸರೋಗ ಎಂದು ಇದಕ್ಕೆ ಹೆಸರು. ಅಸ್ತಮಾ, ಮೂಗಿನ ಪಾಲಿಪ್, ಆಸ್ಪಿರಿನ್ ಆಗದಿರುವುದು ಮೂರೂ ಒಟ್ಟಿಗೆ ಬರುತ್ತವೆ ಎಂದು ಫ್ರಾನ್ಸಿನ ವಿಡಾಲ್ 1922ರಲ್ಲಿಯೇ ಬರೆದಿದ್ದರು. 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ಅದನ್ನು ಮತ್ತೆ ವಿವರಿಸಿದ ಮೇಲೆ ಸ್ಯಾಮ್ಟರ್ ತ್ರಿಕ ಎಂಬ ಹೆಸರು ನಿಂತಿತು. ಅಸ್ತಮಾ ಇರುವ ವಯಸ್ಕರಲ್ಲಿ ಸರಿಸುಮಾರು ಶೇ. 7 ಜನರಿಗೆ ಇದಿದೆ.

ಅಲರ್ಜಿ ಉಂಟುಮಾಡುವ ಐಜಿಇ ಪ್ರತಿಕಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕೋಶಗಳಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಎರಡು ಕಾಲುವೆಗಳಲ್ಲಿ ಹರಿಯುತ್ತದೆ. ಕಾಕ್ಸ್-1 ಕಿಣ್ವದ ಕಾಲುವೆಯಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2 ತಯಾರಾಗುತ್ತದೆ, ಅದು ಮಾಸ್ಟ್ ಕೋಶಗಳಿಗೂ ಇಯೊಸಿನೊಫಿಲ್‌ಗಳಿಗೂ ಹಾಕಿದ ಮೂಗುದಾರ. ಇನ್ನೊಂದು ಕಾಲುವೆಯಲ್ಲಿ ಶ್ವಾಸನಾಳವನ್ನು ಬಹಳ ಬಲವಾಗಿ ಕುಗ್ಗಿಸುವ ಲ್ಯುಕೋಟ್ರೀನ್‌ಗಳು ತಯಾರಾಗುತ್ತವೆ. ನಿಮ್ಮಂಥವರಲ್ಲಿ ಎರಡನೆಯದು ಮೊದಲೇ ತುಂಬಿ ಹರಿಯುತ್ತಿರುತ್ತದೆ, ಮೂತ್ರದಲ್ಲಿ ಲ್ಯುಕೋಟ್ರೀನ್ ಇ4 ಅಳೆದರೆ ಮಾತ್ರೆ ನುಂಗದ ದಿನವೂ ಹೆಚ್ಚಾಗಿಯೇ ಕಾಣುತ್ತದೆ. ಆಸ್ಪಿರಿನ್ ಆಗಲಿ, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಆಗಲಿ ಕಾಕ್ಸ್-1 ಅನ್ನು ಕಟ್ಟಿಹಾಕಿದೊಡನೆ ಮೂಗುದಾರ ಹರಿಯುತ್ತದೆ. ರಾಸಾಯನಿಕ ರಚನೆಯಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲದ ಮಾತ್ರೆಗಳೆಲ್ಲ ಒಂದೇ ರೀತಿ ಕಾಡುವುದು ಈ ಕಾರಣಕ್ಕೆ. ಕಾಕ್ಸ್-1 ಅನ್ನು ಬಹುಪಾಲು ಮುಟ್ಟದ ಸೆಲೆಕಾಕ್ಸಿಬ್ ಸಾಮಾನ್ಯವಾಗಿ ಒಗ್ಗುತ್ತದೆ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ, 1000 ಮಿಲಿಗ್ರಾಂಗೆ ಏರಿದರೆ ಕೆಲವರಿಗೆ ಕೊಡುತ್ತದೆ. ಇವನ್ನು ಮನೆಯಲ್ಲಿ ಪ್ರಯೋಗ ಮಾಡಿ ನೋಡಬೇಡಿ.

ಒಂದು ವಿಚಿತ್ರವೂ ಇದೆ. ಆಸ್ಪತ್ರೆಯ ಕಣ್ಗಾವಲಿನಲ್ಲಿ ಆಸ್ಪಿರಿನ್ ಅನ್ನು ಅಲ್ಪಸ್ವಲ್ಪವೇ ಏರಿಸಿ, ಪ್ರತಿಕ್ರಿಯೆ ಬಂದು ಹೋದ ಮೇಲೆ, ಎರಡು ಮೂರು ದಿನ ಶ್ವಾಸನಾಳ ಅದಕ್ಕೆ ಕಿವುಡಾಗಿರುತ್ತದೆ. ಆ ಅವಧಿಯಲ್ಲಿ ದಿನವೂ ಆಸ್ಪಿರಿನ್ ಮುಂದುವರಿಸಿದರೆ ಸಹನೆ ಉಳಿಯುತ್ತದೆ, ಪಾಲಿಪ್ ಮತ್ತೆ ಬೆಳೆಯುವುದೂ ನಿಧಾನವಾಗುತ್ತದೆ. ಕೆಲವು ದಿನ ಬಿಟ್ಟರೆ ಹಳೆಯ ಕಥೆಯೇ.

ಒಂದೇಮಾತು:

ಇಷ್ಟೆಲ್ಲ ಬಿಡಿಸಬೇಕೇ? ನನಗೆ ಸುಗಂಧದ್ರವ್ಯ, ಬ್ಲೀಚ್, ಊದುಹೊಗೆ, ಹೊಸ ಬಣ್ಣ ಎಲ್ಲವೂ ಆಗುವುದಿಲ್ಲ, ಕ್ಷಣದಲ್ಲಿ ಗಂಟಲು ಹಿಡಿಯುತ್ತದೆ. ಸೂಕ್ಷ್ಮ ಶ್ವಾಸಕೋಶ ಎಂದರೆ ಮುಗಿಯಿತಲ್ಲ. ಬಣ್ಣದವರಿಗೂ ಅದೇ ಇರಬೇಕು.

ಹೊಗೆಲೆಕ್ಕ:

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು. ನಾನು ಕಾರ್ಖಾನೆಗಳ ಗಾಳಿಯನ್ನು ಅಳೆಯುವ ಕೆಲಸದವನು. ನಿಮ್ಮದಕ್ಕೂ ಬಣ್ಣದವರದಕ್ಕೂ ಇರುವ ವ್ಯತ್ಯಾಸ ನೀವೇ ಬರೆದ ‘ಕ್ಷಣದಲ್ಲಿ’ ಎಂಬ ಪದದಲ್ಲಿದೆ.

ಘಾಟು ಬಡಿದ ಕೂಡಲೇ ಆಗುವುದು ಬಹುಮಟ್ಟಿಗೆ ನರಗಳ ಕೆಲಸ. ಶ್ವಾಸನಾಳದ ಒಳಪದರದ ಸಂವೇದನಾ ನರಗಳಲ್ಲಿ ಟಿಆರ್‌ಪಿಎ1 ಎಂಬ ದ್ವಾರವಿದೆ. ಹೊಗೆಯ ಅಕ್ರೋಲಿನ್, ಬ್ಲೀಚಿನ ಹೈಪೋಕ್ಲೋರೈಟ್, ಫಾರ್ಮಾಲ್ಡಿಹೈಡ್ ಇವೆಲ್ಲ ಅದನ್ನು ತೆರೆಯುತ್ತವೆ. ಸುದ್ದಿ ಮೆದುಳಿನ ಬುಡಕ್ಕೆ ಹೋಗಿ ವೇಗಸ್ ನರದ ಮೂಲಕ ಕೆಮ್ಮಾಗಿಯೂ ಅಸಿಟೈಲ್‌ಕೋಲಿನ್ ಆಗಿಯೂ ಮರಳುತ್ತದೆ. ಈ ನರದ ತುದಿಯಲ್ಲಿ ಎಂ2 ಎಂಬ ಗ್ರಾಹಕವೊಂದು ‘ಸಾಕು ನಿಲ್ಲಿಸು’ ಎಂದು ಸ್ರಾವಕ್ಕೆ ಕಡಿವಾಣ ಹಾಕುತ್ತಿರುತ್ತದೆ. ಇಯೊಸಿನೊಫಿಲ್‌ಗಳು ಉಗುಳುವ ಪ್ರೋಟೀನ್ ಆ ಗ್ರಾಹಕವನ್ನು ಮುಚ್ಚಿಬಿಡುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಉರಿಯೂತ ಹತೋಟಿಯಲ್ಲಿ ಇಲ್ಲದ ಅಸ್ತಮಾದವರಿಗೆ ಅದೇ ಘಾಟು ಹೆಚ್ಚು ಕಾಡುವುದಕ್ಕೆ ಇದೊಂದು ವಿವರಣೆ.

ಗಂಧಕದ ಡೈಆಕ್ಸೈಡ್ ಈ ಕ್ಷಿಪ್ರ ಗುಂಪಿನ ಸ್ಪಷ್ಟ ಉದಾಹರಣೆ. ಅದು ನೀರಿನಲ್ಲಿ ಬೇಗ ಕರಗುವುದರಿಂದ ಮೂಗಿನಲ್ಲಿ ಉಸಿರಾಡುವಾಗ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಓಡುತ್ತ ಬಾಯಲ್ಲಿ ಉಸಿರೆಳೆದರೆ ಆಳಕ್ಕೆ ಇಳಿಯುತ್ತದೆ, ಅಸ್ತಮಾ ಇರುವವರಿಗೆ 0.5 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಗೆ ಅರ್ಧ ಭಾಗ) ಕಡಿಮೆಯಿದ್ದರೂ ಐದು ಹತ್ತು ನಿಮಿಷದಲ್ಲಿ ಎದೆ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಈ ಅನಿಲಕ್ಕೆ ದಿನದ ಮಿತಿಯ ಜೊತೆಗೆ, ಘನಮೀಟರಿಗೆ 500 ಮೈಕ್ರೊಗ್ರಾಂ ಎಂದು ಹತ್ತು ನಿಮಿಷದ ಮಿತಿಯನ್ನೂ ಇಟ್ಟಿರುವುದು ಈ ವೇಗದ ಕಾರಣಕ್ಕೇ.

ನಿಮ್ಮ ವಿಷಯದಲ್ಲಿ ಇನ್ನೊಂದನ್ನೂ ನೋಡಿಸಿಕೊಳ್ಳಿ. ಗಂಟಲು ಹಿಡಿದು, ಉಸಿರು ಒಳಗೆಳೆಯುವಾಗ ಸದ್ದು ಬರುವುದಾದರೆ, ತೊಂದರೆ ಶ್ವಾಸನಾಳದಲ್ಲಿ ಇರದೆ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುವುದರಲ್ಲಿ ಇರಬಹುದು. ಅದಕ್ಕೆ ಇನ್ಹೇಲರ್ ಕೆಲಸ ಮಾಡುವುದಿಲ್ಲ.

ಇನ್ನು ಬಣ್ಣದವರ ಹಾರ್ಡನರ್. ಅದರಲ್ಲಿ ಬಹುತೇಕ ಹೆಕ್ಸಾಮೆಥಿಲೀನ್ ಡೈಐಸೊಸಯನೇಟ್‌ನ ಸರಪಳಿ ಅಣುಗಳಿರುತ್ತವೆ. ಸಂಜೆಗೆಮ್ಮು ಅವರೇ, ಡಬ್ಬಿಯ ಸುರಕ್ಷತಾ ಪತ್ರದಲ್ಲಿ ‘ಐಸೊಸಯನೇಟ್’ ಎಂಬ ಪದವನ್ನು ಹುಡುಕಿ. ಈ ಅಣುವಿನ ತುದಿ ಪ್ರೋಟೀನ್ ಸಿಕ್ಕಲ್ಲಿ ಅಂಟಿಕೊಳ್ಳುತ್ತದೆ, ಹಾಗೆ ರೂಪ ಬದಲಾದ ನಮ್ಮದೇ ಪ್ರೋಟೀನನ್ನು ದೇಹ ಪರಕೀಯವೆಂದು ನೆನಪಿಟ್ಟುಕೊಳ್ಳುತ್ತದೆ. ಆ ನೆನಪು ಕಟ್ಟಲು ತಿಂಗಳುಗಳೂ ವರ್ಷಗಳೂ ಬೇಕು, ನಿಮ್ಮ ಆರಾಮದ ಮೂರು ವರ್ಷ ಅದೇ ಇರಬಹುದು. ಒಮ್ಮೆ ಕಟ್ಟಿದ ಮೇಲೆ ಶತಕೋಟಿಗೆ ಕೆಲವೇ ಭಾಗದಷ್ಟು ಗಾಳಿಯಲ್ಲಿದ್ದರೂ ಸಾಕು. ವಾಸನೆಯನ್ನು ನಂಬಬೇಡಿ, ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿ ಎಂದೋ ದಾಟಿರುತ್ತದೆ. ಬೂತಿನಲ್ಲಿ ಮೂಗಿಗೆ ಬರುವುದು ಹೆಚ್ಚಾಗಿ ತಿನ್ನರ್‌ನ ವಾಸನೆ.

ಒಪಿಡಿ_ಕೊಠಡಿ:

ಹೊಗೆಲೆಕ್ಕ ಅವರ ಮಾತು ಸರಿ. ಐಸೊಸಯನೇಟ್ ಅಸ್ತಮಾದಲ್ಲಿ ತಡವಾದ ಪ್ರತಿಕ್ರಿಯೆ, ಅಂದರೆ ನಾಲ್ಕರಿಂದ ಎಂಟು ಗಂಟೆಗಳ ಬಳಿಕದ್ದು, ಬಹಳ ಸಾಮಾನ್ಯ. ಕೆಂಪು ಸೀಡರ್ ಮರದ ಪ್ಲಿಕಾಟಿಕ್ ಆಮ್ಲವೂ ಹೀಗೆಯೇ. ಹಿಟ್ಟು, ಪ್ರಾಣಿಗಳ ರೋಮದಂಥ ದೊಡ್ಡ ಪ್ರೋಟೀನ್‌ಗಳಿಗೆ ಐಜಿಇ ಮೂಲಕ ಹತ್ತಾರು ನಿಮಿಷದಲ್ಲಿ ಪ್ರತಿಕ್ರಿಯೆ ಬರುತ್ತದೆ. ಐಸೊಸಯನೇಟ್‌ನಲ್ಲಿ ರಕ್ತದ ಐಜಿಇ ಪರೀಕ್ಷೆ ಅಲ್ಪಸಂಖ್ಯೆಯ ರೋಗಿಗಳಲ್ಲಿ ಮಾತ್ರ ಸಿಗುವುದರಿಂದ, ಅದು ಇಲ್ಲವೆಂದು ಬಂದರೂ ಕಾಯಿಲೆ ಇಲ್ಲವೆನ್ನುವಂತಿಲ್ಲ.

ಇದಕ್ಕಿಂತ ಬೇರೆಯಾದ ಇನ್ನೊಂದು ಬಗೆಯೂ ಉದ್ಯೋಗದಲ್ಲಿ ಬರುತ್ತದೆ. ಬ್ಲೀಚಿಗೆ ಆಮ್ಲದ ಕ್ಲೀನರ್ ಬೆರೆಸಿದಾಗ ಏಳುವ ಕ್ಲೋರಿನ್‌ನಂಥ ಅನಿಲವನ್ನು ಒಮ್ಮೆ ಭಾರಿ ಪ್ರಮಾಣದಲ್ಲಿ ಉಸಿರಾಡಿದವರಿಗೆ, 24 ಗಂಟೆಯೊಳಗೆ ಶುರುವಾಗಿ ಮೂರು ತಿಂಗಳಿಗೂ ಮೀರಿ ಉಳಿಯುವ ಅಸ್ತಮಾ ಅದು. ಬ್ರೂಕ್ಸ್ ಮತ್ತು ಸಂಗಡಿಗರು 1985ರಲ್ಲಿ ವಿವರಿಸಿದರು. ಅಲ್ಲಿ ಕಾಯುವ ಕಾಲವೂ ಇಲ್ಲ, ರೋಗನಿರೋಧಕ ನೆನಪೂ ಇಲ್ಲ, ಮೇಲ್ಪದರ ಸುಟ್ಟು ಕಿತ್ತುಹೋಗಿರುತ್ತದೆ. ಅವರು ಅದೇ ಅನಿಲದ ಅಲ್ಪ ಅಂಶಕ್ಕೆ ವಿಶೇಷವಾಗಿ ಹೆದರಬೇಕಿಲ್ಲ, ಆದರೆ ಚಳಿಗಾಳಿಗೂ ಹೊಗೆಗೂ ಮೆಥಾಕೋಲಿನ್‌ಗೂ ಕುಗ್ಗುತ್ತಾರೆ. ನಿಮ್ಮ ಲಕ್ಷಣ ಇದರ ತದ್ವಿರುದ್ಧ.

ಸಂಜೆಗೆಮ್ಮು:

ಡಬ್ಬಿ ನೋಡಿದೆ, ಆ ಪದ ಇದೆ. ನಳಿಕೆಮಾಪಕರಿಗೆ ಉತ್ತರ: ಪರೀಕ್ಷೆಯ ದಿನಾಂಕ ಸಿಗುವುದು ತಡವಾಯಿತು. ಅಷ್ಟರಲ್ಲಿ ಕಾಲು ಮುರಿದು ನಾಲ್ಕು ವಾರ ಮನೆಯಲ್ಲಿದ್ದೆ. ಊರುಗೋಲಿನಲ್ಲೇ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಆ ದಿನಗಳಲ್ಲಿ ರಾತ್ರಿಯ ಕೆಮ್ಮೂ ಇರಲಿಲ್ಲ, ಮಲಗಿದ್ದರಿಂದ ಕಡಿಮೆಯಾಯಿತು ಎಂದುಕೊಂಡಿದ್ದೆ. ಕೆಲಸದ ವಿಷಯವನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಳಿಕೆಮಾಪಕ:

ಬೂದಿ ಮುಚ್ಚಿದ ಕೆಂಡವನ್ನು ಅಳೆದಿದ್ದಾರೆ. ಉದ್ಯೋಗದ ಅಸ್ತಮಾದಲ್ಲಿ ಕಾರಣದಿಂದ ದೂರವಿದ್ದರೆ ಮೆಥಾಕೋಲಿನ್ ಪ್ರತಿಕ್ರಿಯೆ ಸಹಜಕ್ಕೆ ಮರಳಬಹುದು. ಆ ಪರೀಕ್ಷೆಯ ಋಣಾತ್ಮಕ ಫಲಿತಾಂಶಕ್ಕೆ ಬೆಲೆ ಬರುವುದು ಕೆಲಸದ ವಾರದ ಕೊನೆಯಲ್ಲಿ, ಲಕ್ಷಣ ಇರುವಾಗ ಮಾಡಿದರೆ ಮಾತ್ರ. ಪ್ರತಿ ಡೋಸಿಗೂ ಎದೆ ತುಂಬ ಉಸಿರೆಳೆಸುವ ಹಳೆಯ ವಿಧಾನದಲ್ಲಿ ಮಾಡಿದ್ದರೆ ಇನ್ನೊಂದು ಮಾತು: ಆ ಆಳ ಉಸಿರೇ ಸೌಮ್ಯ ಅಸ್ತಮಾದವರ ಶ್ವಾಸನಾಳವನ್ನು ಹಿಗ್ಗಿಸಿ ಫಲಿತಾಂಶವನ್ನು ಮರೆಮಾಚಬಹುದು. ಈಗ ಸಾಮಾನ್ಯ ಉಸಿರಾಟದಲ್ಲೇ ಕೊಡಬೇಕೆಂಬ ಶಿಫಾರಸು ಇದೆ.

ಮೊದಲು ಪೀಕ್ ಫ್ಲೋ ಮೀಟರ್ (ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಚಿಕ್ಕ ಸಾಧನ) ತೆಗೆದುಕೊಂಡು ದಿನಕ್ಕೆ ಕನಿಷ್ಠ ನಾಲ್ಕು ಸಲ, ಪ್ರತಿ ಸಲ ಮೂರು ಬಾರಿ ಊದಿ, ಮೂರರಲ್ಲಿ ದೊಡ್ಡದನ್ನು ಬರೆಯಿರಿ. ಕೆಲಸದ ದಿನ, ರಜೆಯ ದಿನ ಎರಡೂ ಇರಲಿ. ಇಷ್ಟವಾದ ಅಂಕಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಹಾಗೆಂದು ಎದೆ ಬಿಗಿದಾಗಲೂ ಅಂಕಿಗಾಗಿ ಕೆಲಸದಲ್ಲಿ ನಿಲ್ಲಬೇಡಿ, ವೈದ್ಯರಿಗೆ ಮೊದಲೇ ತಿಳಿಸಿ ಶುರುಮಾಡಿ.

ಒಪಿಡಿ_ಕೊಠಡಿ:

ನನ್ನದೊಂದು ಸಣ್ಣ ಭಿನ್ನಾಭಿಪ್ರಾಯ. ಮತ್ತೊಮ್ಮೆ ಮೆಥಾಕೋಲಿನ್ ಮಾಡುವುದಾದರೆ ಒಂದನ್ನೇ ಮಾಡಬಾರದು, ಕೆಲಸದ ವಾರದ ಕೊನೆಗೆ ಒಂದು, ರಜೆಯ ಬಳಿಕ ಒಂದು ಮಾಡಿ ಹೋಲಿಸಬೇಕು. ಎರಡರ ನಡುವಿನ ಅಂತರ ಒಂಟಿ ಅಂಕಿಗಿಂತ ಹೆಚ್ಚು ಮಾತಾಡುತ್ತದೆ. ಮ್ಯಾನಿಟಾಲ್ ಇಲ್ಲಿ ಹೆಚ್ಚು ಸೂಕ್ತ ಎಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ, ಆದರೆ ಐಸೊಸಯನೇಟ್ ಅಸ್ತಮಾದಲ್ಲಿ ಕೆಲವರ ಉರಿಯೂತದಲ್ಲಿ ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳದ್ದೇ ಮೇಲುಗೈ, ಅಂಥವರಲ್ಲಿ ಮಾಸ್ಟ್ ಕೋಶದ ದಾರಿಯನ್ನೇ ನೆಚ್ಚಿಕೊಂಡ ಪರೀಕ್ಷೆಯ ಮೇಲೆ ಪೂರ್ಣ ಭಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಸಂಜೆಗೆಮ್ಮು:

ನಾಲ್ಕು ವಾರಗಳ ಬಳಿಕ ಬರೆಯುತ್ತಿದ್ದೇನೆ. ವೈದ್ಯರಿಗೆ ತಿಳಿಸಿಯೇ ದಾಖಲೆ ಇಟ್ಟೆ. ರಜೆಯ ದಿನಗಳಲ್ಲಿ ಬೆಳಿಗ್ಗೆ ನಿಮಿಷಕ್ಕೆ 500 ಲೀಟರ್, ಸಂಜೆ 510ರ ಆಸುಪಾಸು. ಸೋಮವಾರ ಮಧ್ಯಾಹ್ನ ಬೂತಿನಲ್ಲಿದ್ದಾಗ 490, ರಾತ್ರಿ ಒಂಬತ್ತಕ್ಕೆ 430. ಬುಧವಾರ ರಾತ್ರಿ 390. ಶುಕ್ರವಾರ ಬೆಳಿಗ್ಗೆ, ಇನ್ನೂ ಬೂತಿಗೆ ಕಾಲಿಡುವ ಮೊದಲೇ 400. ಭಾನುವಾರ ಸಂಜೆಗೆ 470. ಕಾಗದದ ಮೇಲೆ ಚುಕ್ಕಿಗಳನ್ನು ಸೇರಿಸಿದಾಗ ಗರಗಸದ ಹಲ್ಲಿನಂತೆ ಕಾಣಿಸಿತು. ತಮ್ಮನೂ ತನ್ನದನ್ನು ಬರೆದ. ಅವನದು ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು, ಕೆಲಸ ಇರಲಿ ಬಿಡಲಿ ಒಂದೇ ಅಲೆ.

ಶುಕ್ರವಾರ ಸಂಜೆ ಮೆಥಾಕೋಲಿನ್ ಮತ್ತೆ ಮಾಡಿದರು, ಈ ಬಾರಿ ಸುಮಾರು 60 ಮೈಕ್ರೊಗ್ರಾಂಗೆ ಶೇ. 20 ಇಳಿಯಿತು. ಹಾರ್ಡನರ್ ಇರುವ ಕೆಲಸಕ್ಕೆ ಇನ್ನು ಹೋಗಬಾರದು ಎಂದಿದ್ದಾರೆ. ಒಳ್ಳೆಯ ಮಾಸ್ಕ್ ಹಾಕಿಕೊಂಡು ಮುಂದುವರಿಯಲೇ ಎಂದು ಕೇಳಿದ್ದಕ್ಕೆ ಒಪ್ಪಲಿಲ್ಲ.

ಹೊಗೆಲೆಕ್ಕ:

ಒಪ್ಪದಿದ್ದದ್ದು ಸರಿ. ಇದ್ದಿಲಿನ ಮಾಸ್ಕ್ ತುಂಬಿಹೋದಾಗ ಐಸೊಸಯನೇಟ್ ವಾಸನೆ ಕೊಟ್ಟು ಎಚ್ಚರಿಸುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಊದುವ ಮಾಸ್ಕ್ ಇನ್ನೂ ನೆನಪು ಕಟ್ಟದವರನ್ನು ಕಾಯಲು ಒಳ್ಳೆಯದು, ಈಗಾಗಲೇ ಕಟ್ಟಿದವರಿಗೆ ಬೂತಿನ ಹೊರಗೆ ಮಾಸ್ಕ್ ಕಳಚಿದ ಐದು ನಿಮಿಷವೂ ಸಾಕಾಗಬಹುದು. ಬಣ್ಣ ಒಣಗಿದಂತೆ ಕಂಡ ಮೇಲೂ ಕೆಲಕಾಲ ಅಲ್ಲಿ ಬಣ್ಣದೊಂದಿಗೆ ಸೇರದೆ ಉಳಿದ ಐಸೊಸಯನೇಟ್ ಇರುತ್ತದೆ. ನಿಮ್ಮ ತಮ್ಮನೂ ಬರಿಗೈಯಲ್ಲಿ ಹಾರ್ಡನರ್ ಬೆರೆಸುವುದನ್ನು ನಿಲ್ಲಿಸಲಿ. ಚರ್ಮದ ಮೂಲಕವೂ ಆ ನೆನಪು ಕಟ್ಟಬಹುದೆಂದು ಪ್ರಾಣಿ ಪ್ರಯೋಗಗಳು ತೋರಿಸಿವೆ.

ಸಂಜೆಗೆಮ್ಮು:

ಅವನಿಗೆ ಕೈಗವಸು ತಂದುಕೊಟ್ಟಿದ್ದೇನೆ. ಬೇಗ ಬಿಟ್ಟರೆ ಪೂರ್ತಿ ವಾಸಿಯಾಗುತ್ತದೆಯೇ ಎಂದು ವೈದ್ಯರನ್ನು ಕೇಳಿದೆ. ದೂರ ಸರಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಲಕ್ಷಣಗಳು ಸಂಪೂರ್ಣ ಹೋಗುತ್ತವೆ, ಲಕ್ಷಣ ಶುರುವಾದ ಮೇಲೂ ಎಷ್ಟು ಕಾಲ ಅಲ್ಲಿಯೇ ಉಳಿದಿದ್ದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎಂದರು. ನನ್ನದು ಎಂಟು ತಿಂಗಳು. ಸೋಮವಾರದಿಂದ ಬಿಡಿಭಾಗಗಳ ಲೆಕ್ಕ ಬರೆಯುವ ಕೋಣೆಗೆ ಹಾಕಿದ್ದಾರೆ. ಅದು ಬೂತಿಗೆ ಎರಡು ಗೋಡೆಗಳಾಚೆ ಇರುವುದರಿಂದ ಪೀಕ್ ಫ್ಲೋ ಮೀಟರ್ ಅನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ. ಮೂರು ದಿನದ ಅಂಕಿ: 480, 490, 490.